ಪಿ.ಪಿ. ನಂಬರು

ಹೊಸ ಪೆಟ್ಟಿಗೆಯ ಹಸಿರು ದೀಪ ಮಿಣುಕಿತು, ನಿಂತಿತು, ಮತ್ತೆ ಮಿಣುಕಿತು, ಅಂತೂ ಜೀವ ಬಂತು, ಎಲೆಅಡಿಕೆ ಪೆಟ್ಟಿಗೆಯಷ್ಟೂ ಇಲ್ಲ ಇದು, ಇದಕ್ಕೆ ಫೈರ್‌ವಾಲ್ ಅಂತ ಹೆಸರು, ಕೋಳಿ ಕೂತರೆ ಉರುಳಿಬೀಳುವ ಗೋಡೆ — ಸುಮನಾ ಕೇಬಲ್ಲಿನ ತುದಿಯನ್ನು ಟಕ್ ಎನ್ನುವವರೆಗೆ ಒತ್ತಿದಳು, ಮಾಗಡಿಯ ಈ ನರ್ಸಿಂಗ್ ಹೋಮಿನ ಕಂಪ್ಯೂಟರುಗಳಿಗೆಲ್ಲ ಹನ್ನೊಂದು ವರ್ಷದಿಂದ ಅವಳೊಬ್ಬಳೇ ದಿಕ್ಕು, ಹಳೆಯ ಪೆಟ್ಟಿಗೆ ಮೊನ್ನೆಯ ಸಿಡಿಲಿಗೆ ಸುಟ್ಟು ಹೋಯಿತು, ಹೊಸದು ಇವತ್ತು ಹನ್ನೊಂದು ಗಂಟೆಯೊಳಗೆ ಓಡಬೇಕು, ರಾಮನಗರದಲ್ಲಿ ಕೂತ ಹೃದಯದ ಡಾಕ್ಟರು ಅಲ್ಲಿಂದಲೇ ಇಲ್ಲಿಯ ಸ್ಕ್ಯಾನ್ ನೋಡಬೇಕು, ಸ್ಕ್ಯಾನು ಬೈರತ್ತೆಯದು, ಕುದೂರಿನಲ್ಲಿ ತಮ್ಮ ಬೀದಿಯ ಕೊನೆಮನೆ ಬೈರಮ್ಮ, ಎಂಬತ್ತು ದಾಟಿದ ಜೀವ, ಹೊರಗೆ ಬೆಂಚಿನ ಮೇಲೆ ಕೂತಿದೆ, ಬೆಳಿಗ್ಗೆ ಬಸ್ಸಿಳಿದು ಬಂದವಳೇ ನಿಮ್ಮವ್ವ ಯೋಳುದ್ಲು ನೀನಿಲ್ಲೇ ಇದ್ದೀಯ ಅಂತ, ನೀನಿದ್ ಮ್ಯಾಲೆ ನಂಗೇನ್ ಭಯ ಬುಡವ್ವ ಎಂದು ಗಲ್ಲ ಹಿಡಿದಳು, ಆ ಕೈ ಬಿಡಿಸಿಕೊಂಡು ಒಳಗೆ ಬಂದದ್ದು ಕೆಲಸಕ್ಕೋ, ಹೆದರಿಕೊಂಡೋ, ಇವತ್ತಾದರೂ ಹೇಳಿಬಿಡಬೇಕು, ಸ್ಕ್ಯಾನಿನಲ್ಲಿ ಏನು ಬರುತ್ತದೋ ಏನೋ, ಇಪ್ಪತ್ತೊಂಬತ್ತು ವರ್ಷ ನಾಳೆ ನಾಳೆ ಎಂದದ್ದಾಯಿತು, ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ. ಮೊದಲು ಕೆಲಸ, ಇಂಟರ್ನೆಟ್ ಕಂಪನಿಯವರು ಕೊಟ್ಟ ಪಬ್ಲಿಕ್ ವಿಳಾಸ ಐದು, ನಂಬರು ಅರವತ್ತಾರರಿಂದ ಎಪ್ಪತ್ತು, ಅರವತ್ತಾರು ಈ ಪೆಟ್ಟಿಗೆಯದೇ, ಉಳಿದ ನಾಲ್ಕು ಇದರ ಬೆನ್ನ ಹಿಂದಿರುವ ಮಿಷನ್ನುಗಳದು, ಲ್ಯಾಬು, ಎಕ್ಸ್‌ರೇ, ಔಷಧಿ, ಸ್ಕ್ಯಾನು, ಹೊರಗಿನಿಂದ ಯಾರೋ ಬಂದು ಎಪ್ಪತ್ತು ಎಲ್ಲಿ ಎಂದು ಕೂಗಿದರೆ ಎಪ್ಪತ್ತಕ್ಕೆ ಕೇಳಿಸದು, ನಡುವೆ ಗೋಡೆ, ಆಗ ಪೆಟ್ಟಿಗೆಯೇ ಅದರ ಪರವಾಗಿ ಓಗೊಡಬೇಕು, ಇದ್ದಾರೆ, ನನ್ನ ಹತ್ತಿರ ಕೊಡಿ, ನಾನು ಮುಟ್ಟಿಸುತ್ತೇನೆ ಎನ್ನಬೇಕು, ಇದನ್ನು ತರಬೇತಿಯಲ್ಲಿ ಕಲಿಸಿದ ಮೇಷ್ಟರು ಬೋರ್ಡಿನ ತುಂಬ ಬಾಣ ಬರೆದು ಬೆವರಿದರು, ಯಾರ ತಲೆಗೂ ಹತ್ತಲಿಲ್ಲ, ಸುಮನಾ ಒಬ್ಬಳಿಗೆ ನಗು ತಡೆಯಲಾಗಲಿಲ್ಲ, ಅಯ್ಯೋ ಇದು ನಮ್ಮನೆ ಪಿ.ಪಿ. ಅಲ್ಲವಾ.

ಪಿ.ಪಿ. ಎಂದರೇನೆಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಪಕ್ಕದ ಮನೆ ಫೋನು ಎಂದೇ ಎಲ್ಲರೂ ನಂಬಿದ್ದರು, ಯಾರ ಮದುವೆ ಕಾಗದ ತೆಗೆದರೂ ಕೆಳಗೆ ಅಪ್ಪನ ನಂಬರು, ಮುಂದೆ ಪಿ.ಪಿ., ಅಪ್ಪ ಸೈಕಲ್ ಶಾಪಿನ ನರಸಯ್ಯ, ಆ ಮನೆಯ ಒಂದು ಫೋನಿಗೆ ಇಡೀ ಬೀದಿ ನೆಂಟರು, ಕಪ್ಪು ಫೋನು, ಗೋಡೆಯ ಹಲಗೆಯ ಮೇಲೆ, ಅದಕ್ಕೆ ಅವ್ವ ಹೆಣೆದ ಹೂವಿನ ಹೊದಿಕೆ, ಡಯಲಿಗೆ ಹಿತ್ತಾಳೆಯ ಪುಟ್ಟ ಬೀಗ, ಬೀಗದಕೈ ಅಪ್ಪನ ಉಡಿದಾರದಲ್ಲಿ, ಹೊರಗೆ ಹೋಗುವ ಮಾತಿಗೆ ಬೀಗ, ಒಳಗೆ ಬರುವ ಮಾತಿಗೆ ಬಾಗಿಲು ತೆರೆದೇ ಇರುತ್ತಿತ್ತು, ಈಗಿನ ಪೆಟ್ಟಿಗೆಗೆ ಪೂರಾ ತಿರುಗುಮುರುಗು, ಯಾರ್ ಕೇಳುದ್ರೂ ಇಲ್ಲ ಅನ್ಬ್ಯಾಡ, ಇರಿ ಕರೀತೀನಿ ಅನ್ನು, ಓಡು, ಇದು ಅವ್ವನ ಕಟ್ಟಪ್ಪಣೆ, ಓಡುತ್ತಿದ್ದಳು, ಲಂಗ ಎತ್ತಿ ಸಿಕ್ಕಿಸಿ, ಹೆರಿಗೆಯ ಸುದ್ದಿ, ಗಂಡು ಒಪ್ಪಿದ ಸುದ್ದಿ, ಎಲ್ಲಕ್ಕೂ ಅವಳ ಕಾಲೇ ಮುಂದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ಬರುವ ಹೆಂಗಸರು, ಫೋನಿನ ಮುಂದೆ ಎದ್ದುನಿಂತು ಕನಕಪುರಕ್ಕೆ ಫೋನಿಲ್ಲದೆಯೂ ಕೇಳುವಂತೆ ಕೂಗುವ ತಿಮ್ಮಯ್ಯ, ಮಾತು ಮುಗಿದ ಮೇಲೆ ಅವ್ವನ ಕಾಫಿ, ಅವಳ ಅಂಗೈಗೆ ಯಾರೋ ಇಟ್ಟ ಬೆಲ್ಲದ ಚೂರು, ಎಷ್ಟು ಚೆಂದವಿತ್ತು, ಒಬ್ಬರ ಸಂತೋಷ ಹತ್ತು ಮನೆ ಹಾದು ಹೋಗುತ್ತಿತ್ತು, ಈಗ ಜೇಬಿಗೊಂದು ಫೋನು, ಯಾರಿಗಾಗಿ ಯಾರೂ ಓಡಬೇಕಿಲ್ಲ.

ಮೇಡಂ, ಸ್ಕ್ಯಾನ್ ಓಪನ್ ಆಗ್ತಾ ಇಲ್ಲ, ಸಾರ್ ಕಾಯ್ತಾ ಇದಾರೆ — ಫೋನಿನಲ್ಲಿ ರಾಮನಗರದಿಂದ ನರೇಂದ್ರ, ಡಾಕ್ಟರ ಸಹಾಯಕ, ಎರಡು ನಿಮಿಷ ನರೇಂದ್ರ ಅವರೇ, ಪಟ್ಟಿ ನೋಡಿದಳು, ಪೆಟ್ಟಿಗೆ ಯಾರ್ಯಾರ ಪರವಾಗಿ ಓಗೊಡಬೇಕೆಂಬ ಪಟ್ಟಿ, ಅರವತ್ತೇಳು, ಅರವತ್ತೆಂಟು, ಅರವತ್ತೊಂಬತ್ತು, ಅಷ್ಟೇ, ಕೊನೆಯದನ್ನು ಬರೆದೇ ಇಲ್ಲ, ಕೈ ದಾರಿಯಲ್ಲೇ ನಿಂತುಬಿಟ್ಟಿದೆ, ಅವತ್ತು ಕಾಲು ನಿಂತ ಹಾಗೆ, ಹನ್ನೊಂದು ವರ್ಷದ ಹುಡುಗಿಯ ಕಾಲು, ಮಧ್ಯಾಹ್ನ, ಅವ್ವ ಹಿತ್ತಲಲ್ಲಿ, ಫೋನಿನಲ್ಲಿ ಹೆಂಗಸಿನ ಸೋತ ದನಿ, ಕನಕಪುರದ ಆಸ್ಪತ್ರೆಯಿಂದ ಯಲ್ಲಮ್ಮ ಕಣವ್ವ, ಕೊನೆಮನೆ ಬೈರಿಯ ಅಕ್ಕ, ಅವಳನ್ನ ಒಸಿ ಕರಿ, ತಾಯಿ ಮನೆಯ ತಾಮ್ರದ ಹಂಡೆಗೆ ಜಗಳಾಡಿ ಆರು ವರ್ಷ ಮಾತು ಬಿಟ್ಟ ಅಕ್ಕ ತಂಗಿ, ಇರಿ ಕರೀತೀನಿ ಎಂದು ರಿಸೀವರನ್ನು ಹಲಗೆಯ ಮೇಲೆ ಮಗ್ಗುಲಾಗಿ ಮಲಗಿಸಿ ಓಡಿದಳು, ತಿಮ್ಮಯ್ಯನ ಅಂಗಳದಲ್ಲಿ ರೇಷ್ಮೆ ಹುಳ ಹಣ್ಣಾಗಿತ್ತು, ಬೀದಿಯ ನಾಲ್ಕಾರು ಹೆಂಗಸರು ಹುಳ ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು, ಬಾರೇ ಸುಮಿ, ನೀನೂ ನಾಕ್ ಬುಡು, ಅಂಗೈಯಲ್ಲಿ ತಣ್ಣಗೆ ಹರಿಯುವ ಹುಳ, ತಲೆ ಎತ್ತಿ ಗಾಳಿಯಲ್ಲಿ ಎಳೆ ಹುಡುಕುವ ಹುಳ, ಒಂದು ಬಿಟ್ಟಳು, ಹತ್ತು ಬಿಟ್ಟಳು, ಎಷ್ಟು ಹೊತ್ತಾಯಿತೋ, ನೆನಪಾದಾಗ ಕೊನೆಮನೆಗೆ ಹೋಗದೆ ತಿರುಗಿ ಮನೆಗೆ ಓಡಿದಳು, ಲೈನು ಕಟ್ಟಾಗಿತ್ತು, ಯಾರದೇ ಫೋನು ಎಂದ ಅವ್ವನಿಗೆ ಹಾಗೇ ಹೇಳಿದಳು, ಯಾರೋ ಗೊತ್ತಾಗ್ಲಿಲ್ಲ, ಕಟ್ಟಾಗೋಯ್ತು, ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಸುದ್ದಿ ಬಂತು, ಯಲ್ಲಮ್ಮ ಹೋದಳು. ಎಪ್ಪತ್ತು, ಬರೆದಳು, ಒತ್ತಿದಳು, ದೀಪ ಎರಡು ಸಲ ಮಿಣುಕಿತು, ಬಂತು ಮೇಡಂ, ಬಂತು, ಸಾರ್ ನೋಡ್ತಾ ಇದಾರೆ.

ಬಾಗಿಲು ಸರಿಸಿ ಬೈರತ್ತೆ ಬಂದಳು, ಆಯ್ತೇನವ್ವ, ಆಯ್ತತ್ತೆ, ಕೂತ್ಕೊಳ್ಳಿ, ನಂಗೊತ್ತಿತ್ತು ಕಣವ್ವ, ಚಿಕ್ಕೋಳಿದ್ದಾಗ್ಲಿಂದ ನಂಗೋಸ್ಕರ ಓಡ್ದೋಳು ನೀನು, ಸ್ವಂತ ಅಕ್ಕ ನೋಡು, ಒಂದ್ ಮಾತಾಡ್ದೆ ಹೋಗ್ಬುಟ್ಲು — ಹೇಳು, ಈಗ ಹೇಳು — ಅತ್ತೆ, ನಿಮ್ಮಕ್ಕ ಫೋನ್ ಮಾಡಿದ್ರು, ಹೋಗೋ ಹಿಂದಿನ ದಿನ ಮಧ್ಯಾಹ್ನ, ನಾನು ಹುಳ ಬಿಡ್ತಾ ನಿಂತುಬಿಟ್ಟೆ, ನಿಮ್ಮನ್ನ ಕರೀಲಿಲ್ಲ, ವಾಪಸ್ ಬರೋಷ್ಟರಲ್ಲಿ ಕಟ್ಟಾಗಿತ್ತು, ತಪ್ಪಾಯ್ತತ್ತೆ. ಬೈರತ್ತೆ ಬಯ್ಯಲಿಲ್ಲ, ಸುಮನಾಳ ಮೊಣಕೈ ಹಿಡಿದು ಮೆಲ್ಲಗೆ ಕೂತಳು, ಮಾಡಿದ್ಲಾ, ನನ್ನೇ ಕೇಳಿದ್ಲಾ, ಎಂದಳು, ಕಣ್ಣು ತುಂಬಿ ಮುಖವೆಲ್ಲ ಅರಳಿತು, ಹೋಗ್ಲಿ ಬುಡು, ಲೈನ್ ಕಟ್ಟಾದ್ರೆ ನೀನೇನ್ ಮಾಡೀಯೇ, ಏನಂದ್ಲು, ಕಡೇಗೆ ಏನಂದ್ಲು ನಮ್ಮಕ್ಕ — ಕಡೆಗೆ — ಲೈನು ಕಟ್ಟಾಗಿತ್ತು ಎಂದು ಅವ್ವನಿಗೆ ಹೇಳಿದ್ದಾಗಿದೆ, ತನಗೆ ತಾನೇ ಸಾವಿರ ಸಲ ಹೇಳಿಕೊಂಡದ್ದಾಗಿದೆ, ಈಗ ಇವಳಿಗೂ ಹೇಳಿದ್ದಾಯಿತು, ಆದರೆ ಅವತ್ತು ಹಲಗೆಯ ಮೇಲೆ ಮಗ್ಗುಲಾಗಿ ಮಲಗಿದ ಕಪ್ಪು ರಿಸೀವರು, ಹೆಜ್ಜೆ ಸಪ್ಪಳ ಕೇಳಿ ಅದರೊಳಗಿಂದ ಬೈರೀ, ಬಂದ್ಯೇನೇ, ಬಂದ್ಯೇನೇ ಬೈರೀ, ಹಿತ್ತಲಿನಿಂದ ಅವ್ವ ಬರುವ ಬಳೆ ಸದ್ದು, ಬೈರೀ, ರಿಸೀವರನ್ನು ಸದ್ದಾಗದಂತೆ ಎತ್ತಿ ಫೋನಿನ ಮೇಲಿಡುತ್ತಿರುವ ತನ್ನದೇ ಪುಟ್ಟ ಕೈ.