ಮೇಲಿನ ರೆಕ್ಕೆ

ಕಂಪನಿ ಡಾಕ್ಟರು ತೋಳಿಗೆ ಸುತ್ತಿದ್ದ ಪಟ್ಟಿ ಬಿಚ್ಚುತ್ತಾ, ರಕ್ತದೊತ್ತಡ ಜಾಸ್ತಿ ಇದೆ, ಮಾತ್ರೆ ಶುರು ಮಾಡೋಣ ಅಂದಾಗ ಕ್ರೇನ್ ಆಪರೇಟರ್ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದ. ಮಾತ್ರೆ ಬೇಡವೇ ಬೇಡ ಅಂದ. ಅವನಿಗಿಂತ ಮೊದಲು ಅದೇ ಟವರ್ ಕ್ರೇನ್ ನಡೆಸುತ್ತಿದ್ದ ಹಿರಿಯ, ಮಾತ್ರೆ ಶುರು ಮಾಡಿದ ವರ್ಷವೇ ಕೆಳಗಿಳಿದು ಸ್ಟೋರ್ ರೂಮಿನಲ್ಲಿ ಬೋಲ್ಟು ವಿಂಗಡಿಸುತ್ತಾ ಕೂತಿದ್ದನ್ನು ಅವನು ಕಣ್ಣಾರೆ ನೋಡಿದ್ದ. ಹತ್ತೊಂಬತ್ತು ವರ್ಷ ಆಕಾಶದಲ್ಲಿ ಕೂತು ದುಡಿದವನಿಗೆ ಸ್ಟೋರ್ ರೂಮು ಅಂದರೆ ಜೀವಂತ ಸಮಾಧಿ. ಸೈಟಿನವರೆಲ್ಲ ಅವನನ್ನು ಕರೆಯುತ್ತಿದ್ದುದೇ ‘ಮೇಲಿನವರು’ ಅಂತ. ಗಾಳಿ ಜೋರಾಗಿ ಕೆಲಸ ನಿಂತರೆ, ಇವತ್ತು ಮೇಲಿನವರು ಒಪ್ಪಲಿಲ್ಲ ಅನ್ನುವರು. ಕೆಳಗಿಳಿದ ಮೇಲೆ ಆ ಹೆಸರನ್ನು ಇಟ್ಟುಕೊಂಡು ಏನು ಮಾಡುವುದು?

ಡಾಕ್ಟರು ಒಳ್ಳೆಯವರು. ಮೂರು ವಾರ ಸಮಯ ಕೊಟ್ಟರು. ಉಪ್ಪು ಕಡಿಮೆ ಮಾಡಿ, ನಡೆಯಿರಿ, ಮನಸ್ಸಿಗೆ ತಂಪಾಗುವ ಹವ್ಯಾಸ ಏನಾದರೂ ಇಟ್ಟುಕೊಳ್ಳಿ ಅಂದರು. ಚಿಕ್ಕವರಿದ್ದಾಗ ಏನು ಮಾಡಿದರೆ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ ಅಂತ ಕೇಳಿದರು. ಅವನು ಯೋಚಿಸಲೇ ಇಲ್ಲ. ಪುಟ್ಟ ವಿಮಾನ ಜೋಡಿಸುತ್ತಿದ್ದೆ, ಪ್ಲಾಸ್ಟಿಕ್ಕಿನದು, ಒಂದರ ಮೇಲೊಂದು ಎರಡು ರೆಕ್ಕೆ ಇದ್ದ ಹಳೇ ಕಾಲದ ವಿಮಾನ ಅಂದ.

ಅಂಥದ್ದೇ ಕಿಟ್ ಅವತ್ತು ಸಂಜೆಯೇ ಸಿಕ್ಕಿತು. ಅಂಗಡಿಯವನು ಡಬ್ಬಿ ತಿರುಗಿಸಿ ನೋಡುತ್ತಾ, ಮಗುವಿಗೆ ವಯಸ್ಸೆಷ್ಟು ಸಾರ್ ಅಂದ. ಐವತ್ತೊಂದು ಅಂತ ಹೇಳಿ ಡಬ್ಬಿ ಕಿತ್ತುಕೊಂಡು ಬಂದ.

ಊಟದ ಮೇಜಿನ ಅರ್ಧ ಭಾಗ ಅವನ ಪಾಲಾಯಿತು. ಹನ್ನೆರಡು ವರ್ಷದವನಿದ್ದಾಗ ಮಾಡಿದ ವಿಮಾನ ಕಣ್ಣಿಗೆ ಕಟ್ಟಿದ ಹಾಗಿತ್ತು. ಎಷ್ಟು ನೇರ, ಎಷ್ಟು ನಯ. ಆ ಖುಷಿಯಲ್ಲಿ ಅಕ್ಕನಿಗೆ ಫೋನ್ ಮಾಡಿದ. ಅಕ್ಕ, “ಅದನ್ನ ವಿಮಾನ ಅಂತ ನೀನು ಹೇಳಿದ್ದಕ್ಕೆ ನಾವು ನಂಬಿದ್ವಿ ಕಣೋ. ಅಪ್ಪ ಅದಕ್ಕೆ ಮಿಡತೆ ಅಂತಿದ್ರು,” ಅಂದಳು. ಅವನು ಫೋನ್ ಇಟ್ಟ. ಅಕ್ಕನಿಗೆ ಮೊದಲಿಂದಲೂ ಅಸೂಯೆ.

ಆದರೆ ಮೊದಲ ವಾರ ಮುಗಿಯುವುದರೊಳಗೆ ಅವನಿಗೂ ಅನುಮಾನ ಶುರುವಾಯಿತು. ಕೈ ಕೆಟ್ಟಿರಲಿಲ್ಲ, ಕಣ್ಣು ಕೈಕೊಟ್ಟಿತ್ತು. ಕನ್ನಡಕ ಹಾಕಿದರೆ ಹತ್ತಿರದ್ದು ಕಾಣುತ್ತಿತ್ತು, ಒಂದು ಗೇಣು ಆಚೆಗಿನದು ಮಸುಕು. ತೆಗೆದರೆ ಎಲ್ಲವೂ ಸಮನಾಗಿ ಮಸುಕು. ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲಂತೆ ಇದು. ಪೈಲಟ್ ಕೂರುವ ಸೀಟು ಒಂದು ಬೇಳೆಯಷ್ಟಿತ್ತು. ಆ ಬೇಳೆ ಎರಡನೇ ವಾರದ ಬುಧವಾರ ಚಿಮುಟದಿಂದ ಚಂಗನೆ ಹಾರಿತು. ಟಾರ್ಚು ಹಿಡಿದು ಮೇಜಿನ ಕೆಳಗೆ ತೆವಳಿದ, ಚಾಪೆ ಕೊಡವಿದ, ಕಸದ ಬುಟ್ಟಿಯನ್ನು ಪೇಪರಿನ ಮೇಲೆ ಸುರಿದು ಜಾಲಾಡಿದ. ಬೆಳಿಗ್ಗೆ ಕಸ ಗುಡಿಸಿದ್ದು ಯಾರು ಅಂತ ಹೆಂಡತಿಯ ಮೇಲೆ ಹಾರಾಡಿದ. ಸೀಟು ಅವನ ಮೊಣಕೈಗೇ ಅಂಟಿಕೊಂಡಿತ್ತು. ಕಿತ್ತರೆ ಎರಡು ಕೂದಲು ಅದರ ಜೊತೆಗೇ ಬಂದವು. ಕೂದಲ ಸಮೇತ ಅಂಟಿಸಿಬಿಟ್ಟ.

ಹೆಂಡತಿ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೆಲಸ ಮಾಡುವವಳು. ದಿನವೂ ಸಂಜೆ ಮನೆಯ ಮಿಷನ್ನಿನಲ್ಲಿ ಅವನ ಒತ್ತಡ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದಳು. ಮೊದಲ ದಿನ ನೂರೈವತ್ತು ಇದ್ದದ್ದು ಎರಡನೇ ವಾರದಲ್ಲಿ ನೂರೈವತ್ತಾರಾಯಿತು. ಸೀಟು ಹಾರಿದ ದಿನ ನೂರ ಅರವತ್ತಮೂರು. ಅವಳು ಪೆನ್ನು ಮುಚ್ಚುತ್ತಾ, ತಂಪು ಮಾಡೋ ಹವ್ಯಾಸ ಇದಾದರೆ ಬಿಸಿ ಮಾಡೋದು ಹೇಗಿರುತ್ತೋ ಅಂದಳು. ಇನ್ನೂ ಏನೋ ಹೇಳಲು ಬಾಯಿ ತೆರೆದಳು. ಅವನಿಗೆ ಗೊತ್ತಿತ್ತು, ಮಾತ್ರೆ ವಿಷಯ. ಎದ್ದು ವಾಕಿಂಗ್ ಹೊರಟುಬಿಟ್ಟ. ಆ ಮೂರು ವಾರ ಅವಳು ಬಾಯಿ ತೆರೆದಾಗಲೆಲ್ಲ ಅವನಿಗೆ ವಾಕಿಂಗ್ ನೆನಪಾಗುತ್ತಿತ್ತು. ಅವನು ಅಷ್ಟು ನಡೆದದ್ದು ಅದೇ ಮೊದಲು.

ಡಾಕ್ಟರ ಹತ್ತಿರ ಹೋಗಬೇಕಾದದ್ದು ಮಂಗಳವಾರ. ಭಾನುವಾರ ಮಧ್ಯಾಹ್ನಕ್ಕೆ ಉಳಿದದ್ದು ಮೇಲಿನ ರೆಕ್ಕೆ ಒಂದೇ. ಕೆಳಗಿನ ರೆಕ್ಕೆಯ ಮೇಲೆ ಬೆಂಕಿಕಡ್ಡಿಗಿಂತ ಸಣ್ಣ ಎಂಟು ಕಂಬ ನಿಂತಿದ್ದವು. ಎಂಟರ ತುದಿಗೂ ಅಂಟು ಸವರಿ, ಎಂಟೂ ಒಂದೇ ಸಲಕ್ಕೆ ಎಂಟು ತೂತಿನಲ್ಲಿ ಕೂರುವಂತೆ ರೆಕ್ಕೆ ಇಳಿಸಬೇಕು. ಮುಂದಿನ ಕಂಬ ಕೂತರೆ ಹಿಂದಿನದು ವಾಲುತ್ತಿತ್ತು. ಹಿಂದಿನದನ್ನು ಹಿಡಿದರೆ ಎಡಗಡೆಯ ಎರಡು ಅಡ್ಡ ಬೀಳುತ್ತಿದ್ದವು. ನಾಲ್ಕು ಸಲ ಆಯಿತು. ನಾಲ್ಕನೇ ಸಲ ರೆಕ್ಕೆಯ ಬದಲು ಅವನ ಹೆಬ್ಬೆರಳು ಕಂಬಕ್ಕೆ ಅಂಟಿತು.

ಮೂರು ಟನ್ ಕಾಂಕ್ರೀಟಿನ ಹಲಗೆಯನ್ನು ಕಂಬಗಳ ಮೇಲೆ ಕೂದಲೆಳೆ ಆಚೀಚೆ ಆಗದ ಹಾಗೆ ದಿನಾ ಇಳಿಸುವವನು ನಾನು, ಈ ಹಾಳು ಪ್ಲಾಸ್ಟಿಕ್ ತುಂಡು ನನಗೆ ಬಗ್ಗಲ್ಲ ಅಂದರೆ ಏನರ್ಥ ಅಂತ ಅವನು ಮೇಜಿಗೆ ಗುದ್ದಿದ. ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆ ಎತ್ತಿದಳು.

“ಅಲ್ಲಿ ನಿಮಗೆ ಅಷ್ಟು ಎತ್ತರದಿಂದ ಕಂಬ ಕಾಣ್ಸುತ್ತಾ?”

“ಎಲ್ಲಿ ಕಾಣುತ್ತೆ? ಕೆಳಗೆ ಒಬ್ಬ ನಿಂತು ಕೈಸನ್ನೆ ಮಾಡ್ತಾನೆ. ಅವನ ಕೈ ನೋಡಿ ಇಳಿಸ್ತೀನಿ.”

“ಮತ್ತೆ ಇಲ್ಲಿ ಆ ಒಬ್ಬ ಎಲ್ಲಿ?”

ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಅಂತ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಹೊಳೆದದ್ದು ಅವಳಿಗೆ ಅನ್ನುವುದಕ್ಕೆ ಇನ್ನಷ್ಟು ಸಿಟ್ಟು. ಸನ್ನೆ ಕಲಿಸಿದ. ಅಂಗೈ ಕೆಳಗೆ ಮಾಡಿ ಆಡಿಸಿದರೆ ಇಳಿಸು, ಬೆರಳು ತೋರಿಸಿದ ಕಡೆಗೆ ಸರಿಸು, ಮುಷ್ಟಿ ಹಿಡಿದರೆ ನಿಲ್ಲಿಸು. ಬಾಯಿ ಮಾತ್ರ ಬಿಡುವ ಹಾಗಿಲ್ಲ. ಅವಳು ಎದುರಿಗೆ ನೆಲದ ಮೇಲೆ ಕೂತು ಗಲ್ಲವನ್ನು ಮೇಜಿನ ಅಂಚಿಗೆ ಊರಿದಳು. ಅವನು ಹೊಸದಾಗಿ ಅಂಟು ಸವರಿ ರೆಕ್ಕೆ ಎತ್ತಿದ. ಕಂಬಗಳನ್ನು ನೋಡುವ ಗೋಜಿಗೇ ಹೋಗದೆ ಅವಳ ಕೈಯನ್ನೇ ನೋಡಿದ. ಅಂಗೈ ಆಡಿತು, ನಿಂತಿತು, ತೋರುಬೆರಳು ಒಂದಿಷ್ಟು ಬಲಕ್ಕೆ ಕರೆಯಿತು, ಮತ್ತೆ ಅಂಗೈ ಆಡಿತು. ಮಧ್ಯೆ ಒಮ್ಮೆ ಅವಳು ಮೂಗು ಕೆರೆದುಕೊಂಡಾಗ ಅದು ಯಾವ ಸನ್ನೆ ಅಂತ ತಿಳಿಯದೆ ಅವನು ಉಸಿರು ಬಿಗಿ ಹಿಡಿದು ಕಾದ. ಕೊನೆಗೆ ಮುಷ್ಟಿ ಬಿತ್ತು. ಎಂಟಕ್ಕೆ ಎಂಟೂ ಕೂತಿದ್ದವು.

ಅಂಟು ಹಿಡಿಯುವ ತನಕ ಹತ್ತು ನಿಮಿಷ ಕೈ ಅಲ್ಲಾಡಿಸುವ ಹಾಗಿರಲಿಲ್ಲ. ಅದು ಹೆಂಡತಿಗೂ ಗೊತ್ತಿತ್ತು. ಅವಳು ನೆಲದಿಂದ ಎದ್ದು, ಕುರ್ಚಿ ಎಳೆದುಕೊಂಡು, ಅವನ ಮುಂದೆ ಸಾವಕಾಶವಾಗಿ ಕೂತಳು.

“ಈಗ ಹೇಳ್ತೀನಿ ಕೇಳಿ. ಎದ್ದು ಹೋಗೋ ಹಾಗಿದ್ರೆ ಹೋಗಿ, ರೆಕ್ಕೆ ಬೀಳುತ್ತೆ.”

“ಲೇ, ಇದು ಮೋಸ.”

“ಹೌದು, ಮೋಸಾನೇ.”

ದಿನಕ್ಕೆ ಮೂವತ್ತು ಜನಕ್ಕಾದರೂ ತಾನು ಇದೇ ಮಾತ್ರೆ ಕೊಡುತ್ತೇನೆ ಅಂದಳು. ಬಸ್ ಓಡಿಸುವವರು, ಮೇಷ್ಟ್ರುಗಳು, ನಿಮ್ಮದೇ ಸೈಟಿನ ಇಬ್ಬರು ಎಂಜಿನಿಯರುಗಳು ತಗೊಂಡು ಹೋಗುತ್ತಾರೆ, ಯಾರೂ ಬೋಲ್ಟು ವಿಂಗಡಿಸುತ್ತಿಲ್ಲ ಅಂದಳು. ಅವನು ಹಲ್ಲು ಕಡಿದುಕೊಂಡು ರೆಕ್ಕೆಯನ್ನೇ ನೋಡುತ್ತಾ, ಹಾಗಾದರೆ ಆ ಹಿರಿಯರ ಗತಿ ಏನಾಯಿತು, ಅದನ್ನು ಹೇಳು ಅಂದ.

“ಅವರನ್ನ ಇಳಿಸಿದ್ದು ಕಣ್ಣಿನ ಪೊರೆಗೆ ರೀ. ಆಪರೇಷನ್ ಮಾಡಿಸ್ಕೊಳ್ಳೋಕೆ ಹೆದರಿ ಸ್ಟೋರೇ ಸಾಕು ಅಂತ ಅವರೇ ಕೂತ್ರು. ಅವರಿಗೆ ಮಾತ್ರೆ ಕೊಡ್ತಿದ್ದೋಳು ನಾನು, ನನಗೆ ಗೊತ್ತಿಲ್ವಾ? ಮೂರು ವಾರದಿಂದ ಇದೊಂದು ಮಾತು ಹೇಳೋಣ ಅಂದ್ರೆ ನೀವು ಚಪ್ಪಲಿ ಹಾಕ್ಕೊಂಡು ಹೊರಡ್ತೀರಿ.” ಆಮೇಲೆ ದನಿ ತಗ್ಗಿಸಿ, “ಅಷ್ಟು ಎತ್ತರದಲ್ಲಿ ಒಬ್ಬರೇ ಇದ್ದಾಗ ಏನಾದ್ರೂ ಆದ್ರೆ ನಿಮ್ಮನ್ನ ಇಳಿಸೋಕೆ ಯಾರ ಕ್ರೇನ್ ತರಿಸೋದು?” ಅಂದಳು.

ಹತ್ತು ನಿಮಿಷ ಅನ್ನುವುದು ಅಷ್ಟು ಉದ್ದವಿರುತ್ತದೆ ಅಂತ ಅವನಿಗೆ ಅವತ್ತೇ ಗೊತ್ತಾದದ್ದು. ಕೈ ಬಿಟ್ಟಾಗ ರೆಕ್ಕೆ ಗಟ್ಟಿಯಾಗಿ ನಿಂತಿತು. ಇಬ್ಬರೂ ಹಿಂದೆ ಸರಿದು ನೋಡಿದರು. ನೆಟ್ಟಗಿತ್ತು. ಮಿಡತೆಯಂತೂ ಅಲ್ಲವೇ ಅಲ್ಲ. ಡಬ್ಬಿಯ ಮೇಲಿನ ಚಿತ್ರದ ಪಕ್ಕ ಇಟ್ಟು ನೋಡಿದಾಗ ಮಾತ್ರ ಅವನ ಮುಖ ಇಳಿಯಿತು. ರೆಕ್ಕೆಯ ದಪ್ಪ ಅಂಚು ಮೂತಿಯ ಫ್ಯಾನಿನ ಕಡೆ ಇರಬೇಕಾದದ್ದು ಬಾಲದ ಕಡೆ ಇತ್ತು. ಹಿಂದುಮುಂದಾಗಿ ಕೂರಿಸಿದ್ದರು. ತೂತುಗಳು ಎರಡು ಕಡೆಯಿಂದಲೂ ಸಮವಾಗಿದ್ದರಿಂದ ತಡೆಯುವವರೇ ಇರಲಿಲ್ಲ.

ಹಲಗೆ ಕಟ್ಟುವಾಗ ಯಾವ ಮುಖ ಯಾವ ಕಡೆ ಅಂತ ನೋಡುವುದು ಕೆಳಗಿನವನ ಕೆಲಸ ಅಂತ ಅವನು ವಾದಿಸಿದ. ನನಗೆ ಕಲಿಸಿದ್ದು ಮೂರು ಸನ್ನೆ, ಅದರಲ್ಲಿ ಹಿಂದುಮುಂದು ಅನ್ನುವುದು ಯಾವುದಿತ್ತು ಅಂತ ಅವಳು ಕೇಳಿದಳು. ಅವತ್ತು ಸಂಜೆ ನೂರೈವತ್ತೊಂಬತ್ತು.

ಮಂಗಳವಾರ ಡಾಕ್ಟರ ಮಿಷನ್ನು ನೂರೈವತ್ತೈದು ತೋರಿಸಿತು. ಅವರು ಬಾಯಿ ತೆರೆಯುವ ಮೊದಲೇ, ಮಾತ್ರೆ ತಗೊಂಡರೆ ಮೇಲೆ ಹತ್ತಬಹುದಾ ಅಂತ ಅವನೇ ಕೇಳಿದ. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಒಂದು ವಾರ ಕೆಳಗೆ ಇರಿ, ಒತ್ತಡ ಇಳಿದರೆ ಹತ್ತಿ, ಇಳಿಯದಿದ್ದರೆ ಬೇರೆ ಮಾತ್ರೆ ನೋಡೋಣ, ಹತ್ತಿಸದೆ ಬಿಡಲ್ಲ ಅಂದರು. ತಂಪಾಗುವ ಹವ್ಯಾಸ ಏನಾಯಿತು ಅಂತ ಅವರು ಕೇಳಿದ್ದಕ್ಕೆ, ಅದೊಂದನ್ನ ಮಾತ್ರ ಕೇಳಬೇಡಿ ಸಾರ್ ಅಂದ.

ಚೀಟಿ ಹಿಡಿದು ಹೆಂಡತಿಯ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತ. ಅವನ ಸರದಿ ಬಂದಾಗ ಅವಳು ಚೀಟಿ ಓದಿ, ಮಾತ್ರೆಯ ಪಟ್ಟಿ ಕತ್ತರಿಸಿ, ಎಲ್ಲರಿಗೂ ಹೇಳುವ ದನಿಯಲ್ಲೇ ಹೇಳಿದಳು.

“ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು. ಒಂದು ದಿನ ಮರೆತರೆ ಮಾರನೇ ದಿನ ಎರಡು ತಗೋಬೇಡಿ.”

“ಆಯ್ತು.” ಆಮೇಲೆ ಮೆಲ್ಲಗೆ, “ಈ ವಾರ ಕೆಳಗೇ ಇರ್ತೀನಲ್ಲ, ಸಂಜೆ ಬೇಗ ಬರ್ತೀನಿ. ಆ ರೆಕ್ಕೆ ಕಿತ್ತು ಸರಿಯಾಗಿ ಕೂರಿಸೋಣ ಅಂತ,” ಅಂದ.

“ಮಾತ್ರೆ ಕೆಲಸ ಮಾಡೋ ತನಕ ಅದನ್ನ ಮುಟ್ಟಿದ್ರೆ ನಾನೇ ಕಿಟಕಿಯಿಂದ ಹಾರಿಸ್ತೀನಿ,” ಅಂದಳು ಅವಳು. ಹಿಂದಿದ್ದವರು ಮುಂದೆ ಬರಲಿ ಅಂತ ಕೈ ಆಡಿಸಿದಳು.