ಹುಳುಕಿಯ ಸೌಟು

ಸಿದ್ದಲಿಂಗಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಸಾಲಿನ ಮೊದಲಿಗಿದ್ದ ಒಂದನೇ ತರಗತಿಯ ಸೌಮ್ಯ ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಅದನ್ನು ನೋಡಿ ಬೀರೇಶನೂ ಬಚ್ಚಿಟ್ಟ. ಹಾಗೆಯೇ ಸಾಲಿನುದ್ದಕ್ಕೂ ತಟ್ಟೆಗಳು ಮರೆಯಾದವು.

"ಹಿಡಿಯವ್ವ ತಟ್ಟೆಯ, ಅನ್ನ ಆರೋಯ್ತದೆ."

"ನೀನು ಬಡಿಸೋದು ನಂಗ್ಬೇಡ."

ಅಗ್ರಹಾರದ ಆ ಪುಟ್ಟ ಶಾಲೆಯ ಜಗಲಿಯಲ್ಲಿ, ಮಕ್ಕಳಿಂದ ಅನ್ನಕ್ಕೆ ಆಗತಾನೇ ಕೈಮುಗಿಸಿದ್ದ ಧರಣಿ ಟೀಚರ್ ಸಾಲಿನ ಬಳಿಗೆ ಬಂದಳು. ಸಿದ್ದಲಿಂಗಮ್ಮ ಅಡುಗೆಗೆ ಸೇರಿ ವಾರವಾಗಿರಲಿಲ್ಲ. ಅವಳು ಸೌಟನ್ನು ಮೆಲ್ಲಗೆ ಪಾತ್ರೆಗಿಳಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮೊದ್ಲಿದ್ದ ಇಸ್ಕೂಲಲ್ಲೂ ಇಂಗೇ ಆಯ್ತು ಮೇಡಂ. ನಾನು ಯಾವ ಕೇರಿಯೋಳು ಅಂತ ಗೊತ್ತಾಗಿದ್ದೇ ತಡ, ತಟ್ಟೆ ಇಂದಕ್ಕೆ ಮಡಿಕಂಡ್ರು. ಇಲ್ಲೂ ಮನೇಲಿ ಯಾರೋ ಹೇಳ್ಕೊಟ್ಟವ್ರೆ. ನಾನು ಒಂಟೋಯ್ತೀನಿ ಬುಡಿ."

ಧರಣಿಗೆ ಆಗ ಹೊಳೆಯಿತು. ಬೆಳಿಗ್ಗೆ ಹಲ್ಲುಜ್ಜುವ ಪಾಠಕ್ಕೆ ಶಾಲೆಯ ಟಿ.ವಿ.ಯಲ್ಲಿ ತೋರಿಸಿದ ಕಥೆಯ ಚಿತ್ರಗಳನ್ನೆಲ್ಲ ತಾನೇ ಬರೆದಿದ್ದಳು. ಹುಳುಕಿ ಎಂಬ ರಾಕ್ಷಸಿ. ಕರ್ರಗಿನ ಹಲ್ಲು, ಕೈಯಲ್ಲಿ ಸೌಟು. ಹಲ್ಲುಜ್ಜದ ಮಕ್ಕಳಿಗೆ ಹುಳ ಬಡಿಸುತ್ತಾಳೆ. ಹೊಗೆಸೊಪ್ಪು ಹಾಕಿ ಹಾಕಿ ಕಪ್ಪಾದ ಸಿದ್ದಲಿಂಗಮ್ಮನ ಹಲ್ಲು ಬರೆಯುವಾಗ ನೆನಪಿಗೇ ಬಂದಿರಲಿಲ್ಲ.

ಸುಮ್ಮನಿದ್ದರೆ ಈ ಹೆಂಗಸು ಹೊಸ್ತಿಲು ದಾಟುತ್ತಾಳೆ. ಹೇಳಿದರೆ ಇವಳ ಮುಖ ನೋಡುವುದು ಹೇಗೆ? ತಾಯೇ ಚಾಮುಂಡಿ, ಎಂದುಕೊಂಡು ಧರಣಿ ಆ ಕಥೆಯಿದ್ದ ಮೊಬೈಲನ್ನು ಮುಂದೆ ಹಿಡಿದಳು.

"ಯಾರೂ ಹೇಳ್ಕೊಟ್ಟಿಲ್ಲ ಸಿದ್ದಲಿಂಗಮ್ಮೋರೆ. ನಾನೇ ಮಾಡಿದ್ದು ಇದನ್ನ. ನೋಡಿ."

ಸಿದ್ದಲಿಂಗಮ್ಮ ಕೊನೆಯವರೆಗೂ ನೋಡಿದಳು. ಮಕ್ಕಳು ಅವಳನ್ನೇ ನೋಡುತ್ತಿದ್ದರು. ಮೊಬೈಲು ಹಿಂದಿರುಗಿಸಿ ಅವಳು ಜಗಲಿಯ ಮೆಟ್ಟಿಲ ಮೇಲೆ ಕುಳಿತು ಸೌಮ್ಯಳನ್ನು ಕರೆದಳು.

"ಬಾರವ್ವ ಇಲ್ಲಿ. ನಿಜ ಹೇಳು. ತಟ್ಟೆ ಇಂದಕ್ಕೆ ಮಡಿಕಂಡಿದ್ದು ಬರೀ ನನ್ನ ಹಲ್ಲಿಗೇನಾ?"

"ಹ್ಞೂಂ. ನೀನು ಉಜ್ಜಲ್ಲ."

"ಬೇರೆ ಏನೂ ಇಲ್ವಾ? ಬರೀ ಹಲ್ಲಿಗೇ?"

ಸೌಮ್ಯ ಹೌದೆಂದು ತಲೆಯಾಡಿಸಿದಳು. ಸಿದ್ದಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ಅದನ್ನು ಬಾಯಿಗೆ ಒಯ್ಯಲಿಲ್ಲ.

"ಅಂಗಾದ್ರೆ ನೀನೇ ಉಜ್ಜು ಮಗಾ" ಎಂದು ಬಾಯಿ ತೆರೆದಳು.

"ಅಯ್ಯಪ್ಪಾ!" ಬೀರೇಶ ಹಿಂದಕ್ಕೆ ನೆಗೆದ.

"ಎದ್ರಬ್ಯಾಡ ಕಣ್ಲಾ, ಸೌಟಲ್ಲಿ ಉಳ ಐತಾ ಬಂದು ನೋಡು!"

ಸೌಮ್ಯ ತರಗತಿಗೆ ಓಡಿ, ಪಾಠಕ್ಕೆಂದು ತಂದಿದ್ದ ಮೊಳದುದ್ದದ ಬ್ರಷ್ ಎತ್ತಿಕೊಂಡು ಬಂದಳು. ಒಂದೇ ಕೈಯಲ್ಲಿ ಅದು ನಿಲ್ಲಲಿಲ್ಲ.

"ಈ ತಟ್ಟೆ ಹಿಡ್ಕೊ" ಎಂದಳು.

ಬ್ರಷ್ಷನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಮೆಲ್ಲಗೆ ಬಾಯಿಯೊಳಗೆ ಇಣುಕಿದಳು. ಅವಳ ತಟ್ಟೆ ಸಿದ್ದಲಿಂಗಮ್ಮನ ಮಡಿಲಲ್ಲಿತ್ತು.