ತಳ ಹಿಡಿದ ಸಾಸು

ಮಗಳು ಕುದಿನೀರಿನಿಂದ ಟೊಮೆಟೊಗಳನ್ನು ಎತ್ತಿ ಎತ್ತಿ ತಣ್ಣೀರಿಗೆ ಹಾಕುತ್ತಿದ್ದಳು. ಪಕ್ಕದಲ್ಲಿ ಚಿಕ್ಕಮ್ಮ ಅವುಗಳ ಸಿಪ್ಪೆ ಸುಲಿದು, ಹಣ್ಣನ್ನು ಕೈಯಲ್ಲೇ ಹಿಸುಕಿ ದೊಡ್ಡ ಪಾತ್ರೆಗೆ ಬಿಡುತ್ತಿದ್ದಳು. ಅಮ್ಮನನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆ ಆಗಿರಲಿಲ್ಲ.

"ಇವತ್ತೇ ಮಾಡ್ಬೇಕಿತ್ತಾ ಇದನ್ನ? ಬಂದವರು ಏನಂದ್ಕೋತಾರೆ?" ಎಂದಳು ಚಿಕ್ಕಮ್ಮ.

"ಬಂದವರು ಹಸಿದಿದ್ದಾರೆ. ಹಣ್ಣು ನಾಳೆಗೆ ಉಳಿಯಲ್ಲ. ಅಮ್ಮ ತಂದಿಟ್ಟಿದ್ದು ಚಿಕ್ಕಮ್ಮ, ಬಿಸಾಕೋಕೆ ನನಗೆ ಮನಸ್ಸು ಬರಲ್ಲ."

ಶನಿವಾರ ಅಮ್ಮ ಎರಡು ಕ್ರೇಟು ಟೊಮೆಟೊ ತಂದು, ಮಂಚದ ಕೆಳಗೆ ಪೇಪರು ಹಾಸಿ ಹರಡಿದ್ದಳು. ಪ್ರತಿವರ್ಷದ ಹಾಗೆ ವರ್ಷಕ್ಕಾಗುವಷ್ಟು ಪಾಸ್ತಾ ಸಾಸು ಮಾಡಿ ಬಾಟಲಿಗೆ ತುಂಬಬೇಕೆಂದು. ಭಾನುವಾರ ಮಧ್ಯಾಹ್ನ ಅದೇ ಮಂಚದ ಮೇಲೆ ಮಲಗಿದವಳು ಏಳಲಿಲ್ಲ. ಟೊಮೆಟೊಗಳಿಗೆ ಅದೇನು ಗೊತ್ತು? ತಮ್ಮ ಪಾಡಿಗೆ ತಾವು ಹಣ್ಣಾಗಿ ಬಿರಿಯತೊಡಗಿದ್ದವು.

ಹೊರಗಿನ ಕೋಣೆಯಲ್ಲಿ ಬಂದವರೆಲ್ಲ ಕೂತಿದ್ದರು. ಹೋಟೆಲಿನ ಲಾಂಡ್ರಿಯಲ್ಲಿ ಅಮ್ಮನ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸು ಮೂಗೊರೆಸಿಕೊಳ್ಳುತ್ತ ಹೇಳಿದಳು: "ಹೋಟೆಲಿನ ಬೆಡ್‌ಶೀಟು ಮಡಚೋವಾಗ್ಲೂ ಅವಳ ಬಾಯಲ್ಲಿ ಸಾಸಿನ ಮಾತೇ. 'ನಮ್ಮ ಡ್ರೈವರ್ ಸಾಹೇಬ್ರಿಗೆ ತಳ ಹಿಡಿದ್ರೇನೇ ರುಚಿ' ಅನ್ನೋಳು."

ಒಂದಿಬ್ಬರು ನಕ್ಕರು. ಡ್ರೈವರ್ ಸಾಹೇಬರು, ಅಂದರೆ ತೀರಿಕೊಂಡವಳ ಗಂಡ, ನಗಲಿಲ್ಲ. ಸಿಟಿ ಬಸ್ಸು ಓಡಿಸಿ ರಿಟೈರಾದ ಮನುಷ್ಯ, ಜಗಳಗಂಟ ಪ್ಯಾಸೆಂಜರುಗಳಿಗೇ ಸೊಪ್ಪು ಹಾಕಿದವರಲ್ಲ. ಈಗ ತಲೆ ತಗ್ಗಿಸಿ ಕೂತಿದ್ದರು. ನಾನು ಹೇಳಿದ ಸುಳ್ಳನ್ನೇ ನಿಜವೆಂದು ನಂಬಿಕೊಂಡು ಅವಳು ಹೋಗಿಬಿಟ್ಟಳಲ್ಲ ಎಂದುಕೊಳ್ಳುತ್ತಿದ್ದರು.

*

ಮದುವೆಯಾದ ಮೊದಲ ವರ್ಷ. ಹೋಟೆಲಿನ ಅಡುಗೆಯವನನ್ನು ಕಾಡಿ ಬೇಡಿ ಸಾಸು ಮಾಡುವುದನ್ನು ಕಲಿತುಕೊಂಡು ಬಂದಿದ್ದಳು. ದಿನವಿಡೀ ಇಸ್ತ್ರಿ ಹಿಡಿದು ನಿಂತವಳು, ಪಾತ್ರೆ ಒಲೆಗಿಟ್ಟು ಸ್ಟೂಲಿನ ಮೇಲೆ ಕೂತಲ್ಲೇ ನಿದ್ದೆಹೋದಳು. ಇವರು ಡ್ಯೂಟಿ ಮುಗಿಸಿ ಬಂದಾಗ ಮನೆ ತುಂಬ ಸೀದ ವಾಸನೆ. ಅವಳು ಸೌಟು ಹಿಡಿದು ಅಳುತ್ತ ನಿಂತಿದ್ದಳು.

ಪಾಸ್ತಾಕ್ಕೆ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟರು. ಕಹಿ ಅಂದರೆ ಕಹಿ.

"ಅಯ್ಯೋ ಹುಚ್ಚಿ, ಇದಕ್ಯಾಕೆ ಅಳ್ತೀಯ? ಇದರ ರುಚಿನೇ ಬೇರೆ."

"ನಿಜವಾಗ್ಲೂ?"

"ನಿನ್ನಾಣೆ."

ಮರುವರ್ಷ ಅವಳು ಎಚ್ಚರವಾಗಿಯೇ ಇದ್ದಳು. ಸಾಸು ಗಟ್ಟಿಯಾಗುತ್ತಿದ್ದಂತೆ ಸೌಟು ಪಕ್ಕಕ್ಕಿಟ್ಟು, ಕೈಕಟ್ಟಿಕೊಂಡು, ತಳ ಹಿಡಿಯಲಿ ಎಂದು ಕಾದಳು. ತಟ್ಟೆ ಮುಂದಿಟ್ಟು ಇವರ ಮುಖವನ್ನೇ ನೋಡುತ್ತ ಕೂತಳು. ಆ ಸಂಭ್ರಮದ ಎದುರು ಏನಂತ ಹೇಳುವುದು? ಬರುವ ವರ್ಷ ಹೇಳಿದರಾಯಿತು ಅಂದುಕೊಂಡರು. ಹಾಗೆ ಅಂದುಕೊಳ್ಳುತ್ತಲೇ ನಲವತ್ತೊಂದು ವರ್ಷ ತಿಂದರು.

*

ಅಡುಗೆಮನೆಯಲ್ಲಿ ಸಾಸು ಗಟ್ಟಿಯಾಗಿ ಬುಳುಬುಳು ಎನ್ನುತ್ತಿತ್ತು. ಮಗಳು ಸೌಟು ಎತ್ತಿ ಪಕ್ಕಕ್ಕಿಟ್ಟಳು.

"ತಿರುವೇ, ತಳ ಹಿಡಿಯುತ್ತೆ," ಎಂದಳು ಚಿಕ್ಕಮ್ಮ.

"ಹಿಡೀಲಿ. ಅಪ್ಪನಿಗೆ ಹಾಗಿದ್ರೇನೇ ಇಷ್ಟ. ಅಮ್ಮನ ಕೈರುಚಿ ಇದೊಂದ್ಸಲ ಆದ್ರೂ ಸಿಗಲಿ."

"ತಿರುವಮ್ಮ," ಎಂದರು ಬಾಗಿಲಲ್ಲಿ ಬಂದು ನಿಂತಿದ್ದ ಡ್ರೈವರು. "ನನಗೆ ಅದು ಇಷ್ಟ ಇಲ್ಲ."

"ಯಾವುದಪ್ಪ?"

"ಸೀದಿದ್ದು. ಒಂದು ದಿನಾನೂ ಇಷ್ಟ ಇರಲಿಲ್ಲ. ಅವತ್ತು ಅಳ್ತಿದ್ಳು, ಚೆನ್ನಾಗಿದೆ ಅಂದುಬಿಟ್ಟೆ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ. ಅವಳ ಮೇಲೇ ಆಣೆ ಇಟ್ಟಿದ್ದೆ ಕಣಮ್ಮ."

ಮಗಳು ಬೆಪ್ಪಾಗಿ ನಿಂತಳು. ಚಿಕ್ಕಮ್ಮನಿಗೆ ಮಾತ್ರ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನಗುನಗುತ್ತಲೇ ಅಳು ಬಂದು, ಕೈಯೆಲ್ಲ ಟೊಮೆಟೊ ಆಗಿದ್ದರಿಂದ ಭುಜಕ್ಕೆ ಕಣ್ಣೊರೆಸಿಕೊಂಡಳು.

"ಭಾವ, ಅಕ್ಕನಿಗೂ ಅದು ಸೇರ್ತಿರಲಿಲ್ಲ. ತಳ ಹಿಡಿಯೋಕೆ ಮುಂಚೆ ಮೇಲಿಂದ ಒಂದು ಡಬ್ಬಿ ತೆಗೆದು ನನ್ನ ಮನೆಗೆ ತರ್ತಿದ್ಳು. ಅಲ್ಲೇ ಅಡುಗೆಮನೇಲಿ ನಿಂತ್ಕೊಂಡು ತಿನ್ನೋಳು. 'ಅವರಿಗೆ ಹೇಳ್ಬೇಡ, ಪಾಪ, ನೊಂದ್ಕೋತಾರೆ' ಅಂತ ನನ್ನ ಬಾಯಿಗೆ ಬೀಗ ಹಾಕಿದ್ಳು."

ಡ್ರೈವರು ಪಾತ್ರೆಯತ್ತ ನೋಡುತ್ತ ಕೇಳಿದರು: "ಚೆನ್ನಾಗಿರ್ತಿತ್ತಾ, ಆ ಮೇಲಿನದು?"

"ಡಬ್ಬಿ ಬಳಿದುಕೊಂಡು ತಿನ್ನೋಳು ಭಾವ."

"ಒಂದ್ಸಲ ಜೊತೇಲಿ ಕೂತು ತಿನ್ನಬಹುದಿತ್ತಲ್ಲಮ್ಮ," ಎಂದರು ಅವರು, ಯಾರಿಗೂ ಅಲ್ಲದ ಹಾಗೆ. "ಎಂಥಾ ಪೆದ್ದು ನಾವಿಬ್ರೂ."

ಒಳಗೆ ಬಂದು ಸೌಟು ಎತ್ತಿಕೊಂಡರು. ಸ್ಟಿಯರಿಂಗು ಹಿಡಿದು ಗಟ್ಟಿಯಾದ ಕೈ. ಪಾತ್ರೆಯ ಅಂಚಿಗೆ, ನಡುವಿಗೆ, ಮತ್ತೆ ಅಂಚಿಗೆ, ತಳ ಕೆರೆಯುತ್ತ ಸೌಟು ಸುತ್ತಿತು. ಚಿಕ್ಕಮ್ಮ ಪಾಸ್ತಾ ಬಸಿದು ತಟ್ಟೆಗಳಿಗೆ ಹಂಚಿದಳು. ಹೊರಗಿನಿಂದ ಯಾರೋ, ಏನಾದರೂ ಸಹಾಯ ಬೇಕಾ ಎಂದು ಕೂಗಿ ಕೇಳಿದರು.

"ಆಯ್ತು ಅಪ್ಪ, ತಿರುವಿದ್ದು ಸಾಕು," ಎಂದು ಮಗಳು ಒಲೆ ಆರಿಸಿದಳು.

ಅಪ್ಪನಿಗೆ ಕೇಳಿಸಿತೋ ಇಲ್ಲವೋ. ಸಾಸಿನ ಕುದಿ ನಿಂತಿತು, ಆವಿ ನಿಂತಿತು. ತಟ್ಟೆ ಹಿಡಿದ ಮಗಳು ಸೌಟು ಕೇಳಲಾರದೆ ಹಾಗೇ ನಿಂತಳು. ಆರಿದ ಒಲೆಯ ಮುಂದೆ ಅವರು, ಎಲ್ಲೂ ತಳ ಹಿಡಿಯದ ಹಾಗೆ, ತಿರುವುತ್ತಲೇ ಇದ್ದರು.